ಮೇಜು ಇಳಿಸಿದರೆ ಮಂಚ

ಅವರು ತೀರಿಹೋದ ಸುದ್ದಿ ಬಂದಾಗ ನಾನು ಮೂಡುಬಿದಿರೆಯ ನನ್ನ ಕುಶನ್ ಅಂಗಡಿಯಲ್ಲಿ ಒಂದು ಹಾಸ್ಟೆಲಿನ ಹಾಸಿಗೆಗಳಿಗೆ ಫೋಮ್ ಕತ್ತರಿಸುತ್ತಿದ್ದೆ. ಗಲ್ಫಿನಲ್ಲಿ ನಮ್ಮಿಬ್ಬರ ಜೊತೆ ಕೆಲಸ ಮಾಡಿದ್ದವನೊಬ್ಬ ಫೋನ್ ಮಾಡಿ, "ನಿನ್ನ ಗುರುಗಳು ಹೋದರು ಮಾರಾಯ. ಬೆಳಿಗ್ಗೆ ಎದೆನೋವು ಅಂದರಂತೆ, ಆಸ್ಪತ್ರೆಗೆ ಮುಟ್ಟಲಿಲ್ಲ" ಎಂದ.

ನಾನು "ಹೌದಾ" ಎಂದೆ.

"ಕೊನೆಗೊಮ್ಮೆ ನೋಡ್ಲಿಕ್ಕೆ ಬರ್ತೀಯಾ?"

"ನೋಡುವ."

ನೋಡುವ ಎಂದರೆ ನಮ್ಮ ಕಡೆ ಇಲ್ಲವೆಂದೇ ಅರ್ಥ. ಅವನಿಗೂ ಅರ್ಥವಾಯಿತು, ಮತ್ತೆ ಒತ್ತಾಯಿಸಲಿಲ್ಲ. ಫೋನ್ ಇಟ್ಟು ಅರ್ಧಕ್ಕೆ ನಿಂತಿದ್ದ ಫೋಮನ್ನು ಕತ್ತರಿಸಿ ಮುಗಿಸಿದೆ. ಗೆರೆ ನೇರವಾಗಿಯೇ ಬಂತು. ಕೈ ಹೀಗೆ ನೇರ ಓಡುವಂತೆ ಕಲಿಸಿದವರೂ ಅವರೇ ಅಲ್ಲವೇ ಎಂದು ನೆನಪಾಗಿ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟವೆಂದು ಆ ದಿನ ಗೊತ್ತಾಯಿತು.

ಅವರ ಹೆಸರನ್ನು ಬರೆಯುವುದಿಲ್ಲ. ಅವರ ಹೆಂಡತಿ ಮಾಣಿ ಎಂಬ ಊರಿನ ಹತ್ತಿರದ ಮನೆಯಲ್ಲಿ ಈಗಲೂ ಇದ್ದಾರೆ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಕ್ಕ. ನಾನು ಪುತ್ತಿಗೆಯ ಬ್ಯಾರಿ ಮುಸಲ್ಮಾನ, ಅವರು ತುಳುವರು. ನಮ್ಮ ಮಾತೆಲ್ಲ ತುಳುವಿನಲ್ಲಿ ನಡೆಯುತ್ತಿತ್ತು. ಅದನ್ನೇ ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ.

ನಾವು ಕೆಲಸ ಮಾಡಿದ್ದು ಗಲ್ಫಿನ ಒಂದು ಬೋಟ್ ಯಾರ್ಡಿನಲ್ಲಿ. ರಜೆಯಲ್ಲಿ ಸಮುದ್ರಕ್ಕೆ ಹೋಗಿ, ಅಲ್ಲೇ ಅಡುಗೆ ಮಾಡಿ, ಅಲ್ಲೇ ಮಲಗುವ ಶ್ರೀಮಂತರ ಸಣ್ಣ ಬೋಟುಗಳು ರಿಪೇರಿಗೆ ಬರುತ್ತಿದ್ದವು. ಅವರು ಒಳಗಿನ ಮರದ ಕೆಲಸಕ್ಕೆ ಫೋರ್‌ಮನ್. ನಾನು ಕುಶನ್ ಹೊಲಿಯುವವನು. ಹೋದ ಹೊಸತರಲ್ಲಿ ಒಂದು ಬೋಟಿನ ಹೊಟ್ಟೆಯೊಳಗೆ ಮೊಣಕಾಲೂರಿ ಅಳತೆ ತೆಗೆಯುತ್ತಾ ನನ್ನಷ್ಟಕ್ಕೆ ಬ್ಯಾರಿ ಭಾಷೆಯಲ್ಲಿ ಬೈದುಕೊಳ್ಳುತ್ತಿದ್ದೆ. ಮೇಲಿನ ಕಿಂಡಿಯಿಂದ ಬೋಳು ತಲೆಯೊಂದು ಇಣುಕಿ, "ಊರು ಓಲು ಮಾರಾಯ?" ಎಂದು ಕೇಳಿತು. ಊರು ಎಲ್ಲಿ ಎಂದು ತುಳುವಿನಲ್ಲಿ ಕೇಳುವವರು ಆ ಯಾರ್ಡಿನಲ್ಲಿ ಒಬ್ಬರಾದರೂ ಇದ್ದಾರಲ್ಲ ಎಂದು ನನಗೆ ಅಳುವೇ ಬಂದಿತ್ತು.

ಗಿಡ್ಡ ಆಳು, ಗಟ್ಟಿ ಮೈ. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್, ಆದರೆ ಗುರುತು ಹಾಕುತ್ತಿದ್ದದ್ದು ಹೆಬ್ಬೆರಳಿನ ಉಗುರಿನಿಂದ. ಯಾವ ಹಲಗೆಯನ್ನೇ ಆಗಲಿ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ, ಬಾಗಿಲ ಆಚೆ ಯಾರೋ ಇದ್ದಾರೆ ಎನ್ನುವಂತೆ ಕಿವಿಗೊಡುತ್ತಿದ್ದರು. "ಬೇಗ ಮಾಡುವ, ಅವಸರ ಮಾಡುವುದು ಬೇಡ" ಎಂಬುದು ದಿನಕ್ಕೆ ಹತ್ತು ಸಲ ಅವರ ಬಾಯಲ್ಲಿ ಬರುತ್ತಿದ್ದ ಮಾತು. ಅದಕ್ಕೆ ಅರ್ಥ ಏನೆಂದು ಕೇಳಿದರೆ, "ಕೆಲಸ ಕಲಿ, ಅರ್ಥ ಆಗ್ತದೆ" ಎನ್ನುತ್ತಿದ್ದರು.

ರಂಜಾನ್ ತಿಂಗಳಲ್ಲಿ ನನ್ನೆದುರು ಯಾರಾದರೂ ನೀರಿನ ಬಾಟಲಿ ಎತ್ತಿದರೆ ಅವರಿಗೆ ಕೆಂಡದಂಥ ಕೋಪ. ಸಂಜೆ ಮಸೀದಿಯಲ್ಲಿ ಬಾಂಗ್ ಆಗುವ ಹೊತ್ತಿಗೆ ಖರ್ಜೂರ, ಹೆಚ್ಚಿದ ಹಣ್ಣು ಇಟ್ಟುಕೊಂಡು ತಾವೂ ಕಾಯುತ್ತಿದ್ದರು. ಒಮ್ಮೆ ನಾನು ಬೆಲೆಬಾಳುವ ತೊಗಲನ್ನು ತಪ್ಪಾಗಿ ಕತ್ತರಿಸಿಬಿಟ್ಟೆ. ಮೇಲಿನವ ಬಂದು ಯಾರು ಮಾಡಿದ್ದು ಎಂದು ಕೂಗಾಡಿದಾಗ ಅವರು ಕಣ್ಣು ಸಹ ಮಿಟುಕಿಸದೆ, "ಗುರುತು ಹಾಕಿದ್ದು ನಾನು. ನನ್ನ ಗೆರೆಯ ಮೇಲೆಯೇ ಅವನು ಕತ್ತರಿಸಿದ್ದು" ಎಂದರು. ಅಷ್ಟು ಸಲೀಸಾಗಿ, ಅಷ್ಟು ಶಾಂತವಾಗಿ ಸುಳ್ಳು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕೆಲಸ ಉಳಿಯಿತು. ಆ ದಿನದಿಂದ ಅವರು ಹೇಳಿದ್ದು ನನಗೆ ವೇದವಾಕ್ಯ.

ಸಣ್ಣ ಬೋಟಿನಲ್ಲಿ ಜಾಗ ಕಡಿಮೆ. ಹಾಗಾಗಿ ಹಗಲು ಊಟಕ್ಕೆ ಕೂರುವ ಜಾಗವೇ ಮಲಗುವ ಜಾಗವೂ ಆಗಬೇಕು. ಎದುರು ಬದುರು ಎರಡು ಬೆಂಚು, ನಡುವೆ ಒಂಟಿ ಕಾಲಿನ ಮೇಜು. ಕಾಲನ್ನು ಕಿತ್ತು ಮೇಜಿನ ಹಲಗೆಯನ್ನು ಬೆಂಚಿನ ಮಟ್ಟಕ್ಕೆ ಇಳಿಸಿ, ಬೆನ್ನಿಗೆ ಒರಗಿಸಿದ ಕುಶನ್‌ಗಳನ್ನು ಅದರ ಮೇಲೆ ಹಾಸಿದರೆ ಇಬ್ಬರು ಮಲಗುವ ಮಂಚ. ಕೇಳಲಿಕ್ಕೆ ಸುಲಭ. ಆದರೆ ಬೋಟಿನಲ್ಲಿ ಮೊದಲು ಹಾಳಾಗುವುದು ಅದೇ. ಹಲಗೆ ಒದ್ದೆಯಾಗಿ ಉಬ್ಬುತ್ತದೆ, ಅದನ್ನು ಹೊರುವ ಮರದ ಪಟ್ಟಿಗಳು, ರೀಪುಗಳು, ಕುಂಬಾಗಿ ಕೊಳೆಯುತ್ತವೆ, ಕುಶನ್‌ಗಳು ಒಂದಕ್ಕೊಂದು ಕೂಡದೆ ಮಲಗಿದವರ ಸೊಂಟದಡಿ ಏಣು ಏಳುತ್ತದೆ. ಅಂಥ ಎಷ್ಟೋ ಮೇಜು-ಮಂಚಗಳನ್ನು ನಾವಿಬ್ಬರೂ ಸೇರಿ ಸರಿಮಾಡಿದ್ದೆವು. ಅವರದು ಮರ, ನನ್ನದು ಹಾಸಿಗೆ. ಒಂದು ದಿನ ಹಾಗೆ ಮುಗಿಸಿದ ಮಂಚದ ಅಂಚಿಗೆ ಕೂತು ಅವರು ಕೇಳಿದರು: "ಇಷ್ಟು ಮಂಚ ಮಾಡಿದೆವು. ಒಂದರ ಮೇಲಾದರೂ ಮಲಗಿದ್ದೇವಾ ಮಾರಾಯ?"

"ಮಲಗಿದರೆ ಇವತ್ತೇ ಊರಿಗೆ ಟಿಕೆಟ್" ಎಂದೆ.

"ಊರಿಗೆ ಹೋದ ಮೇಲೆ ನಮ್ಮದೇ ಒಂದು ಮಾಡುವ. ಕಾರವಾರದವರೆಗೆ ಹೋಗುವ. ಸಂಜೆಯಾದ ಕಡೆ ನಿಲ್ಲಿಸುವ, ಮೇಜು ಇಳಿಸುವ, ಮಲಗುವ."

ಗಲ್ಫಿನಲ್ಲಿ ಆಡಿದ ಇಂಥ ಮಾತುಗಳು ವಿಮಾನ ಇಳಿಯುವಾಗಲೇ ಮರೆತುಹೋಗುತ್ತವೆ. ಇದು ಮರೆಯಲಿಲ್ಲ. ಅವರು ನಿವೃತ್ತಿಯಾಗಿ ಬಂದರು, ಕೆಲವು ಸಮಯದ ಮೇಲೆ ನಾನೂ ಬಂದು ಮೂಡುಬಿದಿರೆಯಲ್ಲಿ ಅಂಗಡಿ ಹಾಕಿದೆ. ಒಂದು ಬೇಸಿಗೆಯಲ್ಲಿ ಅವರ ಫೋನ್ ಬಂತು. "ಬೋಟು ಸಿಕ್ಕಿತು. ಗೋವಾದಿಂದ ಲಾರಿಯಲ್ಲಿ ಬಂದಿದೆ. ಪಾಣೆಮಂಗಳೂರಿನಲ್ಲಿ ಹೊಳೆಯ ಬದಿಯ ಶೆಡ್ಡಿನಲ್ಲಿ ಉಂಟು. ನೀನು ಬಾ."

ಹೋಗಿ ನೋಡಿದರೆ ಅದು ಬೋಟೆನ್ನುವ ಸ್ಥಿತಿಯಲ್ಲಿರಲಿಲ್ಲ. ಫೈಬರಿನ ಮೈ ಗಟ್ಟಿಯಿತ್ತು. ಒಳಗೆ ಮಾತ್ರ ಇಲಿ, ಪಾಚಿ, ಹಳೆಯ ಡೀಸೆಲ್ ವಾಸನೆ. ಅವರು ಹೆಂಡತಿಗೆ ಹೊಸ ಸೀರೆ ತೋರಿಸುವವರ ಹಾಗೆ ಒಂದೊಂದನ್ನೇ ತೋರಿಸಿದರು. ಎಂಜಿನ್ ಕೆಲಸವನ್ನು ಮಲ್ಪೆಯ ಮೆಕ್ಯಾನಿಕ್‌ಗೆ ಹೇಳಿದ್ದರು. "ಒಳಗಿನದ್ದು ನಾವಿಬ್ಬರು. ಮಳೆ ಬಿಟ್ಟ ಮೇಲೆ ತುಂಬೆ ಡ್ಯಾಮಿನ ಕೆಳಗೆ ನೀರಿಗೆ ಇಳಿಸುವ" ಎಂದರು.

ಶುಕ್ರವಾರ ನನ್ನ ಅಂಗಡಿಗೆ ರಜೆ. ಬೆಳಿಗ್ಗೆಯೇ ಸಿದ್ಧಕಟ್ಟೆ ದಾರಿಯ ಬಸ್ಸು ಹಿಡಿದು ಬಂಟ್ವಾಳದಲ್ಲಿ ಇಳಿದು ಶೆಡ್ಡಿಗೆ ಹೋಗುತ್ತಿದ್ದೆ. ಮಧ್ಯಾಹ್ನ ಬಾಂಗ್ ಕೇಳಿದರೆ ಅವರೇ, "ಜುಮಾ ನಮಾಜು ಮುಗಿಸಿ ಬಾ, ಊಟಕ್ಕೆ ಕಾಯ್ತೇನೆ" ಎನ್ನುತ್ತಿದ್ದರು. ಊಟ ಅವರ ಮನೆಯಿಂದ ಬರುತ್ತಿತ್ತು. ನನಗೆಂದು ಅಕ್ಕ ಬೇರೆಯೇ ಡಬ್ಬಿ ಕಟ್ಟಿ ಕಳಿಸುತ್ತಿದ್ದರು. ಬಂಗುಡೆ ಮೀನಿನ ಪುಳಿಮುಂಚಿ ಇದ್ದ ದಿನ ಅಣ್ಣ ತಮ್ಮ ಡಬ್ಬಿ ಮುಚ್ಚಿಕೊಂಡು ನನ್ನದರಿಂದ ತೆಗೆದು ತಿನ್ನುತ್ತಿದ್ದರು.

ಮೇಜು-ಮಂಚವೇ ಎಲ್ಲಕ್ಕಿಂತ ಹಠ ಮಾಡಿತು. ಮೇಜಿನ ಅಲ್ಯೂಮಿನಿಯಂ ಕಾಲು ನೆಲದ ಗುಳಿಯಲ್ಲಿ ಉಪ್ಪು ಹಿಡಿದು ಕಚ್ಚಿಕೊಂಡುಬಿಟ್ಟಿತ್ತು. ಬಿಸಿನೀರು ಹೊಯ್ದೆವು, ಎಣ್ಣೆ ಬಿಟ್ಟೆವು, ತಿರುಚಿದೆವು. ಕೊನೆಗೆ ಗುಳಿಯನ್ನೇ ಕೊರೆದು ತೆಗೆಯಬೇಕಾಯಿತು. ಬೆಂಚಿನ ಅಂಚಿನ ರೀಪುಗಳು ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತಿದ್ದವು. ಅದಕ್ಕೆ ಹಲಸಿನ ಹೊಸ ರೀಪು ಹಾಕಿದರು. ಹಿಂದೆ ಬರೀ ಸ್ಕ್ರೂ ಇದ್ದ ಕಡೆ ಬೋಲ್ಟು ತೂರಿಸಿ ಹಿಂದಿನಿಂದ ಬಿಗಿದರು. "ಮಲಗಿದವ ಮಗ್ಗುಲು ಬದಲಿಸುವಾಗ ಹಲಗೆ ಏಳಬಾರದು" ಎಂದು ನಡುವೆ ಇನ್ನೊಂದು ಮಡಿಸುವ ಕಾಲು ಕೊಟ್ಟರು. ಅಡಿಯಲ್ಲಿ ಗಾಳಿಯಾಡದೆ ಹಾಸಿಗೆ ಬೂಸ್ಟು ಹಿಡಿಯುತ್ತದೆ ಎಂದು ಹಲಗೆಗೆ ಸಾಲಾಗಿ ತೂತು ಕೊರೆದೆವು. ಬೋಟಿನ ಬದಿ ಓರೆಯಾಗಿ ಇಳಿಯುವುದರಿಂದ ಅಲ್ಲಿ ಕೂರುವ ಕುಶನ್ನಿನ ಅಂಚನ್ನೂ ಓರೆಯಾಗಿಯೇ ಕತ್ತರಿಸಬೇಕು. ಅದರ ಅಳತೆಗೆ ನಾನು ರಟ್ಟಿನ ತುಂಡುಗಳನ್ನು ಬಸ್ಸಿನಲ್ಲಿ ಹೊತ್ತು ತಿರುಗಿದ್ದೇ ತಿರುಗಿದ್ದು. ಕಂಡಕ್ಟರನಿಗೆ ನಾನು ರಟ್ಟಿನ ವ್ಯಾಪಾರಿ.

ಆ ಹೊತ್ತಿಗೆ ಸೌದಿಯಲ್ಲಿದ್ದ ನನ್ನ ಭಾವ, ಹೆಂಡತಿಯ ಅಣ್ಣ, ಒಂದು ಒಳ್ಳೆಯ ಕೆಲಸ ಹುಡುಕಿ ಕರೆದ. ನಾನು ಬೇಡವೆಂದೆ. ಹೆಂಡತಿ ಎರಡು ದಿನ ಮಾತು ಬಿಟ್ಟಳು. "ನೀವು ಚಿಕ್ಕವರಾ, ಬೋಟಲ್ಲಿ ಆಡ್ಲಿಕ್ಕೆ?" ಎಂದಳು ಮೂರನೆಯ ದಿನ. ಹೇಗೆ ಹೇಳುವುದು ಅವಳಿಗೆ? ಹರೆಯವನ್ನೆಲ್ಲ ಇನ್ನೊಬ್ಬರ ಹಾಸಿಗೆ ಹೊಲಿಯುವುದರಲ್ಲಿ ಕಳೆದವನಿಗೆ ಒಂದು ರಾತ್ರಿ ತನ್ನದರ ಮೇಲೆ ಮಲಗಬೇಕು ಎನಿಸುವುದನ್ನು? ಶೆಡ್ಡಿನಲ್ಲಿ ಅಣ್ಣನಿಗೆ ಮಾತ್ರ ಹೇಳಿದೆ, ಸೌದಿ ಕೆಲಸ ಬಿಟ್ಟೆ ಎಂದು. ಅವರು ರೀಪಿನ ಮೇಲೆ ಉಳಿ ಓಡಿಸುತ್ತಿದ್ದರು. ತಲೆ ಎತ್ತದೆ, "ಒಳ್ಳೆದಾಯ್ತು" ಎಂದರು.

ಮಳೆ ಶುರುವಾದ ಮೇಲೆ ಅವರು ಅಳತೆ ಬದಲಿಸಿದರು. ಮಂಚ ಇನ್ನೂ ಉದ್ದ ಬೇಕು, ಆರೂವರೆ ಅಡಿ. ಕಾಲಿನ ಕಡೆ ಇದ್ದ ಕಪಾಟಿನ ಬುಡ ಕೊರೆದು ಪಾದ ಒಳಗೆ ಹೋಗುವಷ್ಟು ಜಾಗ ಮಾಡಬೇಕು.

"ನಾವಿಬ್ಬರೂ ಗಿಡ್ಡ ಅಣ್ಣ. ಯಾರಿಗೆ ಅಷ್ಟುದ್ದ?"

"ಒಮ್ಮೆಯಾದರೂ ಕಾಲು ಚಾಚಿ ಮಲಗುವ ಮಾರಾಯ."

ನಾನು ನಕ್ಕೆ. ಹೊಲಿದಿದ್ದ ಕುಶನ್ ಬಿಚ್ಚಿ ಮತ್ತೆ ಮಾಡಿದೆ. ಆಮೇಲೆ ಬಟ್ಟೆಯೂ ಬದಲಾಯಿತು. ನಾನು ತಂದ ಹಸಿರು ಬೇಡವಾಯಿತು, ಬಿಳಿಯ ಮೇಲೆ ನೀಲಿ ಪಟ್ಟೆ ಬೇಕಾಯಿತು. ಬಿಳಿ ಬೇಗ ಕೊಳೆಯಾಗ್ತದೆ ಎಂದು ನಮಗೆ ಯಾರ್ಡಿನಲ್ಲಿ ಹೇಳುತ್ತಿದ್ದವರು ಅವರೇ. ಆದರೂ ನಾನು ಏನನ್ನೂ ಸಂಶಯಿಸಲಿಲ್ಲ. ಅವರು ಹೇಳಿದರೆಂದರೆ ಮುಗಿಯಿತು.

ಮಳೆ ಹಿಂದಾದ ಒಂದು ಶುಕ್ರವಾರ, ನಡುವಿನ ಕೊನೆಯ ಕುಶನ್ ಹೊತ್ತುಕೊಂಡು ಶೆಡ್ಡಿಗೆ ಹೋದೆ. ಹೊರಗೆ ದೊಡ್ಡ ಕಾರು ನಿಂತಿತ್ತು. ಬೋಟಿನ ಏಣಿಯ ಹತ್ತಿರ ಅಣ್ಣ ಬೇರೆಯವರ ಚಪ್ಪಲಿಗಳ ಪಕ್ಕ ಬರಿಗಾಲಲ್ಲಿ ನಿಂತಿದ್ದರು. ನನ್ನನ್ನು ನೋಡಿ, "ಇವತ್ತು ನೀನು ತಡ ಅಂತ ಎಣಿಸಿದ್ದೆ" ಎಂದರು. ಬೋಟಿನ ಒಳಗೆ, ನಾವು ಮಾಡಿದ ಮಂಚದ ಮೇಲೆ, ಎತ್ತರದ ಮನುಷ್ಯನೊಬ್ಬ ಉದ್ದಕ್ಕೆ ಮಲಗಿ ಪಾದಗಳನ್ನು ಕಪಾಟಿನ ಬುಡಕ್ಕೆ ತೂರಿಸಿ ನೋಡುತ್ತಿದ್ದ. ಬೆಳ್ತಂಗಡಿಯ ಕಡೆ ರೆಸಾರ್ಟ್ ಇರುವ ಹೋಟೆಲಿನವರು.

"ಇವನು ನಮ್ಮ ಕುಶನ್‌ನವನು" ಎಂದರು ಅಣ್ಣ, ಅವರಿಗೆ.

ಆ ಮನುಷ್ಯ ಎದ್ದು ಕೂತು ನನಗೆ ಕೈ ಕೊಟ್ಟರು. ಒಳ್ಳೆಯವರೇ. "ಚೆಂದ ಆಗಿದೆ. ಬೇಸಿಗೆಯಲ್ಲಿ ಬೋಟು ತೆಗೆದುಕೊಳ್ಳುವಾಗ ನಾನು ಹೇಳಿದ್ದು ಇಷ್ಟೇ, ನನ್ನ ಉದ್ದದವರೂ ಮಲಗ್ಲಿಕ್ಕೆ ಆಗಬೇಕು ಅಂತ. ಸರಿಯಾಗಿ ಬಂದಿದೆ. ಆ ನಡುವಿನದ್ದು ಒಂದು ಬಾಕಿ ಅಲ್ವಾ?" ಎಂದರು.

ಎಲ್ಲ ಒಟ್ಟಿಗೇ ಅರ್ಥವಾಯಿತು. ಆರೂವರೆ ಅಡಿ, ನೀಲಿ ಪಟ್ಟೆ, ತಲೆ ಎತ್ತದೆ ಹೇಳಿದ "ಒಳ್ಳೆದಾಯ್ತು". ನನ್ನ ಕೈಯಲ್ಲಿ ಕುಶನ್ ಇತ್ತು. ಎದುರಿಗೆ ಅದು ಕೂರಬೇಕಾದ ಜಾಗ ಖಾಲಿ ಇತ್ತು. ಏನು ಮಾಡಬೇಕೆಂದು ತೋಚದೆ ಬಗ್ಗಿ ಕೂರಿಸಿದೆ. ನಾಲ್ಕೂ ಮೂಲೆ ಸರಿಯಾಗಿ ಕೂತವು. ಅಂಗೈಯಿಂದ ಸವರಿದರೆ ಎಲ್ಲೂ ಏಣು ಇರಲಿಲ್ಲ. ಜನ್ಮದಲ್ಲಿ ಅಷ್ಟು ಒಳ್ಳೆಯ ಹಾಸಿಗೆ ನಾನು ಹೊಲಿದಿರಲಿಲ್ಲ, ಆಮೇಲೂ ಹೊಲಿಯಲಿಲ್ಲ.

ಯಾರಿಗೂ ಏನೂ ಹೇಳದೆ ಇಳಿದು ರಸ್ತೆಗೆ ಬಂದೆ. ಅವರು ಹಿಂದಿನಿಂದ ಬಂದರು.

"ನಿಲ್ಲು ಮಾರಾಯ. ಊಟ ಉಂಟು."

"ಬೇಸಿಗೆಯಲ್ಲೇ ಮಾರಿದ್ದಾ?"

"ಹೌದು."

"ಮತ್ತೆ ಮಳೆಗಾಲ ಇಡೀ ನನ್ನನ್ನು ಕರೆದದ್ದು ಯಾಕೆ?"

"ನೀನಲ್ಲದೆ ಯಾರು ಮಾಡ್ತಾರೆ ಹೀಗೆ?"

"ಹೇಳಬಹುದಿತ್ತಲ್ಲ ಅಣ್ಣ."

"ಹೇಳಿದ್ದರೆ ನೀನು ಬರ್ತಿರಲಿಲ್ಲ."

ಆ ಮಾತು ಹೇಳುವಾಗ ಅವರ ಮುಖ ನೋಡಿದೆ. ತೊಗಲು ಕತ್ತರಿಸಿದ ದಿನ ಮೇಲಿನವನೆದುರು ಇದ್ದ ಮುಖವೇ ಅದು. ಅಂದು ಅದು ನನ್ನ ಪರವಾಗಿತ್ತು, ಅಷ್ಟೇ ವ್ಯತ್ಯಾಸ. "ಸೌದಿ ಕೆಲಸ ಬಿಟ್ಟೆ ಅಂತ ಹೇಳಿದ ದಿನವಾದರೂ..." ಎಂದೆ.

ಅವರು ಹೊಳೆಯ ಕಡೆ ನೋಡಿದರು. "ಮನೆಯಲ್ಲಿ ಒಪ್ಪಲಿಲ್ಲ ಮಾರಾಯ. ನಿನ್ನ ಅಕ್ಕನದ್ದು ಒಂದೇ ಹಠ. ಈ ಪ್ರಾಯದಲ್ಲಿ ಸಮುದ್ರಕ್ಕೆ ಹೋದರೆ ನಾನು ಬಾವಿಗೆ ಹಾರ್ತೇನೆ ಅಂತ ಹೇಳಿದಳು. ನಾನು ಎಂತ ಮಾಡುವುದು?"

ಹೌದಾಗಿರಬಹುದು ಎಂದುಕೊಂಡೆ. ಹೆಂಡತಿಯರು ಹಾಗೆ ಹೇಳುತ್ತಾರೆ, ನನ್ನವಳೂ ಹೇಳಿದ್ದಳು. ಆದರೆ ಗಂಡ ಹೆಂಡತಿಯ ಜಗಳವನ್ನು ನನ್ನಿಂದ ಮುಚ್ಚಿಟ್ಟು ನನ್ನ ಕೈಯಿಂದಲೇ ಪರರಿಗೆ ಮಂಚ ಮಾಡಿಸಿಕೊಳ್ಳಬೇಕೇ? ಮೂಡುಬಿದಿರೆಯವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಸೀಟು ಖಾಲಿಯಿತ್ತು, ಕೂರಬೇಕೆಂದು ಹೊಳೆಯಲಿಲ್ಲ.

ಆಮೇಲೆ ಅವರು ಕೆಲವು ಸಲ ಫೋನ್ ಮಾಡಿದರು. ಎತ್ತಲಿಲ್ಲ. ಒಮ್ಮೆ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ, ಕಾಲೇಜು ಬಿಡುವ ಹೊತ್ತಿನ ಗದ್ದಲದ ನಡುವೆ, ಆ ಬೋಳು ತಲೆ ಕಂಡಿತು. ಅವರೂ ನನ್ನನ್ನು ಕಂಡು ಕೈ ಎತ್ತಿದರು. ನಾನು ಎದುರಿಗೆ ನಿಂತಿದ್ದ ಕಾರ್ಕಳದ ಬಸ್ಸು ಹತ್ತಿಬಿಟ್ಟೆ. ಕಾರ್ಕಳದಲ್ಲಿ ನನಗೆ ಏನೂ ಕೆಲಸವಿರಲಿಲ್ಲ. ಅಲ್ಲಿ ಇಳಿದು ಒಂದು ಚಾ ಕುಡಿದು ವಾಪಸು ಬಂದೆ. ಬೋಟು ನೀರಿಗೇ ಇಳಿಯಲಿಲ್ಲವೆಂದು ಆಮೇಲೆ ಯಾರೋ ಹೇಳಿದರು. ರೆಸಾರ್ಟಿನ ತೋಟದಲ್ಲಿ ಸಿಮೆಂಟು ಕಟ್ಟೆಯ ಮೇಲೆ ಅದನ್ನು ಕೂರಿಸಿದ್ದಾರೆ, ಬೆಂಗಳೂರಿನಿಂದ ಬಂದ ಹೊಸ ಜೋಡಿಗಳು ಅದರಲ್ಲಿ ತಂಗುತ್ತಾರೆ.

ಹೀಗೆ ವರ್ಷಗಳು ಹೋದವು. ಅವರ ಸಾವಿಗೆ ನಾನು ಹೋಗಲಿಲ್ಲ. ಆದರೆ ನಾಲ್ಕೈದು ದಿನ ಕಳೆದ ಮೇಲೆ ಹೆಂಡತಿಯೇ, "ಅವರ ಮನೆಯ ಅನ್ನ ತಿಂದಿದ್ದೀರಿ. ಆ ಹೆಂಗಸಿಗೆ ಒಂದು ಮುಖ ತೋರಿಸಿ ಬನ್ನಿ" ಎಂದಳು. ಹೋದೆ.

ಮಾಣಿಯಲ್ಲಿ ಇಳಿದು ಒಳರಸ್ತೆಯಲ್ಲಿ ನಡೆದರೆ ಅವರ ಮನೆ. ಮಂಗಳೂರಿನಿಂದ ಬಂದಿದ್ದ ಮಗಳು ಬಾಗಿಲು ತೆರೆದು ಅಮ್ಮನನ್ನು ಕರೆದು ಒಳಗೆ ಹೋದಳು. ಅಕ್ಕ ಜಗಲಿಗೆ ಬಂದರು. ನನ್ನ ಗುರುತು ಹತ್ತಿದ ಕೂಡಲೇ ಮುಖ ಬಿಗಿಯಿತು. ಕೂರಲು ಹೇಳಲಿಲ್ಲ. ನಾನು ಕಂಬದ ಹತ್ತಿರ ನಿಂತೇ, "ಸುದ್ದಿ ಗೊತ್ತಾಯಿತು ಅಕ್ಕ" ಎಂದೆ.

"ಈಗ ಗೊತ್ತಾದದ್ದಾ?"

"ಅಂದೇ ಗೊತ್ತಾಗಿತ್ತು. ಬರ್ಲಿಕ್ಕೆ ಆಗಲಿಲ್ಲ."

"ಬರ್ಲಿಕ್ಕೆ ನಿಮಗೆ ಯಾವಾಗ ಆಗ್ತದೆ?" ಎಂದರು. "ನಿಮಗೆ ಅಂತ ಬೇರೆ ಡಬ್ಬಿ ಕಟ್ಟಿದ ಕೈ ಇದು. ನೀವು ಅರ್ಧಕ್ಕೆ ಬಿಟ್ಟು ಹೋದಿರಿ. ಸೌದಿಯಲ್ಲಿ ಕೆಲಸ ಸಿಕ್ಕಿತು, ಇನ್ನು ಬೋಟು ಗೀಟು ಬೇಡ ಅಂತ ಹೇಳಿದಿರಂತೆ. ಒಬ್ಬನೇ ಎಂತ ಮಾಡುವುದು ಅಂತ ಇವರು ಅದನ್ನು ಮಾರಿದರು. ಮತ್ತೆ ಆ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ನಿಮ್ಮಿಂದಾಗಿಯೇ."

ಸತ್ತವರ ಮನೆ, ಸುಮ್ಮನಿದ್ದುಬಿಡುವುದೇ ಮರ್ಯಾದೆ ಎನಿಸಿತು. ಆದರೆ ಅವರ ಸುಳ್ಳನ್ನು ಹೊರಲು ನನ್ನ ಬೆನ್ನೇ ಯಾಕೆ ಬೇಕು?

"ಇಲ್ಲ ಅಕ್ಕ" ಎಂದೆ. "ನಾನು ಬಿಡಲಿಲ್ಲ. ಸೌದಿ ಕೆಲಸ ಬೇಡ ಅಂದವ ನಾನು. ಬೇಸಿಗೆಯಲ್ಲೇ ಬೋಟು ಮಾರಿಯಾಗಿತ್ತು. ನನಗೆ ಹೇಳದೆ ಮಳೆಗಾಲ ಇಡೀ ಕೆಲಸ ಮಾಡಿಸಿದರು. ಕೇಳಿದಾಗ ನೀವು ಒಪ್ಪಲಿಲ್ಲ ಅಂದರು. ಸಮುದ್ರಕ್ಕೆ ಹೋದರೆ ಬಾವಿಗೆ ಹಾರ್ತೇನೆ ಅಂತ ನೀವು ಹೇಳಿದಿರಂತೆ."

"ನಾನಾ?"

"ಹೌದು."

"ಬಾವಿಗಾ?"

"ಹಾಗೇ ಹೇಳಿದರು."

ಅಕ್ಕ ಅಲ್ಲಿದ್ದ ಬೆಂಚಿನ ಮೇಲೆ ಕುಸಿದು ಕೂತರು. "ನನ್ನನ್ನೂ ಒಮ್ಮೆ ಕರ್ಕೊಂಡು ಹೋಗಿ ಅಂತ ಕೇಳಿದವಳು ನಾನು" ಎಂದರು ಮೆಲ್ಲನೆ. "ಉಪ್ಪಿನಕಾಯಿ, ಒಣಮೀನು ಚಟ್ನಿ ಎಲ್ಲ ಕಟ್ಟಿಟ್ಟಿದ್ದೆ. ದೋಣಿಯಲ್ಲಿ ನಿಮಗಿಬ್ಬರಿಗೆ ಅಡುಗೆ ಯಾರು ಮಾಡ್ತಾರೆ ಅಂತ. ಜೀವಮಾನ ಇಡೀ ಇವರು ಗಲ್ಫಿನಲ್ಲಿ, ನಾನು ಇಲ್ಲಿ. ಇನ್ನಾದರೂ ಒಟ್ಟಿಗೆ ಒಂದು ಕಡೆ ಹೋಗುವ ಅಂತ ಎಣಿಸಿದ್ದೆ."

"ಮತ್ತೆ ಯಾಕೆ ಮಾರಿದರು ಅಕ್ಕ?"

"ನನಗೆ ಗೊತ್ತುಂಟಾ? ಇವರು ಒಳಗೆ ಎಂತ ಎಣಿಸ್ತಾರೆ ಅಂತ ನನಗೆ ಯಾವತ್ತು ಗೊತ್ತಿತ್ತು?" ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಹಾಗಾದರೆ ಇಷ್ಟು ವರ್ಷ ನಾನು ನಿಮ್ಮನ್ನು ಬೈದದ್ದು?" ಎಂದರು.

"ನಾನೂ ನಿಮ್ಮನ್ನು ಬೈದಿದ್ದೇನೆ."

"ಎಷ್ಟು?"

"ಸುಮಾರು."

ಅವರ ಬಾಯಿಂದ ನಗುವೋ ಅಳುವೋ ತಿಳಿಯದ ಒಂದು ಸದ್ದು ಹೊರಟಿತು. "ಕೂತ್ಕೊಳ್ಳಿ. ನಿಂತದ್ದು ಸಾಕು" ಎಂದರು. ಕೂತೆ. ಯಾಕೆ ಮಾರಿದರು ಎಂಬುದು ಇಬ್ಬರಿಗೂ ತಿಳಿಯದು, ಇನ್ನು ತಿಳಿಯುವುದೂ ಇಲ್ಲ. ಕೇಳಬೇಕಾದ ಮನುಷ್ಯ ಒಳಗಿನ ಗೋಡೆಯ ಮೇಲೆ ಹೊಸ ಹಾರ ಹಾಕಿಸಿಕೊಂಡು, ಕಣ್ಣು ಸಹ ಮಿಟುಕಿಸದೆ ನೋಡುತ್ತಿದ್ದರು. ನಾನು ಶೆಡ್ಡಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ, "ಇವನು ನಮ್ಮ ಕುಶನ್‌ನವನು" ಎಂದದ್ದನ್ನೂ. ಅಕ್ಕ, "ಹಾಗೆ ಹೇಳಿದರಾ? ನಾಚಿಕೆ ಇಲ್ಲದ ಜನ!" ಎಂದರು. ಆಮೇಲೆ ಅವರು ಶುರುಮಾಡಿದರು. ಮಗಳ ಮದುವೆ ಮಾತಿನಲ್ಲಿ ಗಂಡ ಹೇಳಿದ ಸುಳ್ಳು, ರಜೆಗೆ ಬರ್ತೇನೆಂದು ಬಾರದೆ ಹೇಳಿದ ನೆಪಗಳು, ಎಲ್ಲವೂ ಒಂದೊಂದಾಗಿ ಬಂದವು. ಅವರು ಒಂದು ಹೇಳಿದರೆ ನಾನೊಂದು ಹೇಳಿದೆ. ಉತ್ತರಕ್ರಿಯೆಗೆ ಇನ್ನೂ ದಿನಗಳಿದ್ದವು. ಇಬ್ಬರ ದನಿಯೂ ಏರಿತ್ತು.

ಮಗಳು ಗಾಬರಿಯಿಂದ ಜಗಲಿಗೆ ಬಂದು, "ಎಂತ ಆಯ್ತಮ್ಮ? ಯಾಕೆ ಬೊಬ್ಬೆ?" ಎಂದಳು.

"ಎಂತ ಇಲ್ಲ" ಎಂದರು ಅಕ್ಕ. "ನಿನ್ನ ಅಪ್ಪನನ್ನು ಬೈತಾ ಇದ್ದೇವೆ. ನೀನೂ ಕೂತ್ಕೋ."